ಬೀಪ್ ಬಂದ್ರೆ ಸ್ವಿಚ್ ಸರಿ ಇದೆ ಅಂತಲ್ಲ: ಬೈಕ್ ಸೆಲ್ಫ್ ಪ್ರಾಬ್ಲಂ ಹುಡುಕೋಕೆ ತಗೊಂಡ ಸಾದಾ ಮಲ್ಟಿಮೀಟರ್ ರಿವ್ಯೂ

ಒಂದೂವರೆ ವರ್ಷದಿಂದ ಈ ಮೀಟರ್ ಬಳಸ್ತಾ ಇದೀನಿ, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ, ತಗೊಂಡ ಮಾರನೇ ದಿನ ಐದು ಸ್ಟಾರ್ ಕೊಟ್ಟು ಬರೆಯೋ ರಿವ್ಯೂ ಅಲ್ಲ ಇದು. ಎಲ್ಲಾ ಕಡೆ ಸಿಗೋ ಹಳದಿ ಬಣ್ಣದ ಡಿಜಿಟಲ್ ಮಲ್ಟಿಮೀಟರ್ (ವೋಲ್ಟೇಜು, ಕರೆಂಟು, ಅಡ್ಡಿ ಅಳೆಯೋ ಮೀಟರ್), ಮಧ್ಯದಲ್ಲಿ ದೊಡ್ಡ ತಿರುಗಿಸೋ ನಾಬ್, ಕೆಳಗೆ ಮೂರು ತೂತು, ಒಂದು ಕೆಂಪು ಒಂದು ಕಪ್ಪು ವೈರು. ಆಟೋ ರೇಂಜ್ ಇಲ್ಲ, ರೇಂಜ್ ನಾವೇ ಸೆಟ್ ಮಾಡ್ಬೇಕು. ತುಂಬಾ ಸಾದಾ ಸಾಮಾನು. ಆದ್ರೆ ನನ್ನ ಬೈಕಿನ ಒಂದು ದರಿದ್ರ ಪ್ರಾಬ್ಲಂ ನಾಲ್ಕು ತಿಂಗಳು ಯಾರ ಕೈಗೂ ಸಿಗದೇ ಇದ್ದಿದ್ದು ಇದರಿಂದ ಒಂದು ಭಾನುವಾರ ಬೆಳಗ್ಗೆ ಸಿಕ್ತು, ಹಾಗಾಗಿ ಮೀಟರ್ ಹೇಗಿದೆ ಅನ್ನೋದಕ್ಕಿಂತ ಅದನ್ನ ಹೇಗೆ ಹಿಡಿದ್ರೆ ಅದು ನಿಜ ಹೇಳುತ್ತೆ ಅನ್ನೋದನ್ನೇ ಜಾಸ್ತಿ ಬರೀತೀನಿ, ಯಾಕಂದ್ರೆ ನಾನೂ ಮೊದಲು ತಪ್ಪಾಗೇ ಬಳಸ್ದೆ.

ಪ್ರಾಬ್ಲಂ ಏನು ಅಂದ್ರೆ, ಸೆಲ್ಫ್ ಬಟನ್ ಒತ್ತಿದ್ರೆ ಒಂದ್ಸಲ ಸೀಟಿನ ಕೆಳಗೆ ಟಕ್ ಅಂತ ಸೌಂಡ್ ಬಂದು ಗಾಡಿ ಸ್ಟಾರ್ಟ್ ಆಗೋದು, ಇನ್ನೊಂದ್ಸಲ ಏನಂದ್ರೆ ಏನೂ ಇಲ್ಲ. ಹೆಡ್‌ಲೈಟ್ ಚೆನ್ನಾಗಿ ಉರೀತಿದೆ, ಹಾರ್ನ್ ಜೋರಾಗಿದೆ, ನ್ಯೂಟ್ರಲ್ ಲೈಟ್ ಹಸಿರಾಗಿ ಕಾಣ್ತಿದೆ, ಆದ್ರೆ ಬಟನ್ ಒತ್ತಿದ್ರೆ ಸತ್ತ ಹಾಗೆ. ಐದಾರು ಸಲ ಒತ್ತಿದ್ರೆ ಒಂದ್ಸಲ ತಗೊಳೋದು. ಮಳೆಗಾಲದಲ್ಲಿ ಜಾಸ್ತಿ, ಗಾಡಿ ತೊಳೆದ ಮಾರನೇ ದಿನ ಇನ್ನೂ ಜಾಸ್ತಿ. ತೋರಿಸಿದ ಕಡೆ ಮೊದಲು ಬ್ಯಾಟರಿ ವೀಕ್ ಅಂದ್ರು, ಹೊಸದು ಹಾಕಿಸ್ದೆ. ಎರಡು ವಾರ ಸರಿ ಇತ್ತು, ಮತ್ತೆ ಶುರು. ಆಮೇಲೆ ರಿಲೇ (ಬಟನ್ ಒತ್ತಿದಾಗ ಸೆಲ್ಫ್ ಮೋಟರಿಗೆ ದೊಡ್ಡ ಕರೆಂಟು ಬಿಡೋ ಸ್ವಿಚ್) ಹೋಗಿದೆ ಅಂದ್ರು, ಅದನ್ನೂ ಹಾಕಿಸ್ದೆ. ಮತ್ತೆ ಅದೇ ಕಥೆ. ಮೂರನೇ ಸಲ ಸೆಲ್ಫ್ ಮೋಟರ್ ಬಿಚ್ಬೇಕು ಅಂದಾಗ ಬೇಡ ಅಂತ ಗಾಡಿ ತಳ್ಳಿ ಸ್ಟಾರ್ಟ್ ಮಾಡ್ಕೊಂಡು ವಾಪಸ್ ಬಂದೆ. ಯಾರನ್ನೂ ಬೈಯ್ತಾ ಇಲ್ಲ ಇಲ್ಲಿ, ಬಂದು ಹೋಗೋ ಪ್ರಾಬ್ಲಂ ಅವರ ಮುಂದೆ ಬರಲೇ ಇಲ್ಲ, ಅವರು ಒತ್ತಿದಾಗೆಲ್ಲ ಸ್ಟಾರ್ಟ್ ಆಗ್ತಿತ್ತು. ಆದ್ರೆ ಅಳತೆ ಮಾಡದೇ ಪಾರ್ಟ್ ಬದಲಾಯಿಸಿದ್ದು ತಪ್ಪೇ, ಮತ್ತೆ ಅದಕ್ಕೆ ಹ್ಞೂ ಅಂದಿದ್ದು ನಾನೇ.

ಈ ಟಕ್ ಸೌಂಡ್ ಬಗ್ಗೆ ಮೊದಲು ಹೇಳ್ಬಿಡ್ತೀನಿ, ಇದಕ್ಕೆ ಯಾವ ಮೀಟರೂ ಬೇಡ, ಕಿವಿ ಸಾಕು. ಬಟನ್ ಒತ್ತಿದಾಗ ರಿಲೇ ಟಕ್ ಅಂದು ಮೋಟರ್ ತಿರುಗದೇ ಇದ್ರೆ, ಅಥವಾ ಟಕಟಕಟಕ ಅಂತ ಹೊಡ್ಕೊಂಡ್ರೆ, ಸ್ವಿಚ್‌ಗಳು ಬಹುಪಾಲು ತಮ್ಮ ಕೆಲಸ ಮಾಡಿವೆ ಅಂತ ಅರ್ಥ, ನೋಡ್ಬೇಕಾಗಿರೋದು ಬ್ಯಾಟರಿ, ಟರ್ಮಿನಲ್ಲು, ದಪ್ಪ ಕೇಬಲ್ಲು, ರಿಲೇ ಒಳಗಿನ ಕಾಂಟ್ಯಾಕ್ಟು, ಮೋಟರು. ಟಕ್ ಅನ್ನೋದೇ ಬರಲಿಲ್ಲ ಅಂದ್ರೆ ರಿಲೇ ಒಳಗೆ ಕರೆಂಟಿಂದ ಮ್ಯಾಗ್ನೆಟ್ ಆಗೋ ತಂತಿ ಸುರುಳಿ, ಅಂದ್ರೆ ಕಾಯಿಲ್‌ಗೆ ಕರೆಂಟು ಸಾಕಷ್ಟು ಹೋಗ್ತಾ ಇಲ್ಲ, ಆಗ ಸಣ್ಣ ವೈರುಗಳ ದಾರಿಯಲ್ಲಿರೋ ಸ್ವಿಚ್‌ಗಳನ್ನ ಹುಡುಕ್ಬೇಕು. ನನ್ನದು ಎರಡನೇ ಜಾತಿ. ಇಷ್ಟು ಗೊತ್ತಿದ್ದಿದ್ರೆ ಬ್ಯಾಟರಿ ದುಡ್ಡು ಉಳೀತಿತ್ತು, ಹಳೇ ಬ್ಯಾಟರಿ ಆಮೇಲೆ ಅಳೆದು ನೋಡಿದ್ರೆ ರಾತ್ರಿಯಿಡೀ ಇಟ್ಟ ಮೇಲೂ 12.6 ವೋಲ್ಟ್ ಇತ್ತು, ಅಂದ್ರೆ ಚಾರ್ಜ್ ಪೂರ್ತಿ ಇತ್ತು.

ಮೀಟರ್ ಬಂದ ದಿನ ನಾನು ಮಾಡಿದ್ದು ಎಲ್ರೂ ಮಾಡೋದೇ. ಅದರಲ್ಲಿ ಬೀಪ್ ಮೋಡ್ ಇದೆ, ಎರಡು ಪ್ರೋಬ್ (ಮೀಟರ್ ವೈರಿನ ತುದಿಯ ಮುಳ್ಳು) ನಡುವೆ ಕರೆಂಟ್ ಹೋಗೋ ದಾರಿ ಇದ್ರೆ ಬೀಪ್ ಅನ್ನುತ್ತೆ. ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಹ್ಯಾಂಡಲ್ ಸ್ವಿಚ್‌ಗಳ ಕಪ್ಲರ್ (ವೈರುಗಳನ್ನ ಜೋಡಿಸೋ ಪ್ಲಾಸ್ಟಿಕ್ ಪ್ಲಗ್) ಎಳೆದು, ಒಂದೊಂದೇ ಸ್ವಿಚ್ ಚೆಕ್ ಮಾಡ್ದೆ. ಇಗ್ನಿಷನ್ ಸ್ವಿಚ್ ಬೀಪ್. ಹ್ಯಾಂಡಲ್ ಮೇಲೆ ಎಂಜಿನ್ ಆಫ್ ಮಾಡೋಕೆ ಇರೋ ಕಿಲ್ ಸ್ವಿಚ್ ಬೀಪ್. ಸ್ಟಾರ್ಟ್ ಬಟನ್ ಬೀಪ್. ಕ್ಲಚ್ ಸ್ವಿಚ್ ಲಿವರ್ ಹಿಡಿದ್ರೆ ಬೀಪ್. ಎಲ್ಲಾ ಸರಿ ಇದೆ ಅಂತ ವಾಪಸ್ ಜೋಡಿಸ್ದೆ, ಮಾರನೇ ದಿನ ಬೆಳಗ್ಗೆ ಮತ್ತೆ ಸೆಲ್ಫ್ ಇಲ್ಲ. ಮೀಟರೇ ಡಬ್ಬಾ ಅನ್ನಿಸ್ತು ಆವತ್ತು, ವಾಪಸ್ ಕಳಿಸೋಣ ಅಂತಲೂ ಯೋಚಿಸಿದ್ದೆ.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಬೀಪ್ ಮೋಡಲ್ಲಿ ಮೀಟರ್ ತನ್ನ ಸಣ್ಣ ಬ್ಯಾಟರಿಯಿಂದ ಒಂದು ಕೂದಲೆಳೆಯಷ್ಟು ಕರೆಂಟ್ ಮಾತ್ರ ಕಳಿಸುತ್ತೆ, ಒಂದೆರಡು ಮಿಲಿ ಆಂಪ್ಸ್. ಆ ದಾರಿಯಲ್ಲಿ ಹತ್ತಿಪ್ಪತ್ತು ಓಮ್ ಅಡ್ಡಿ ಇದ್ರೂ ಇಂಥ ಮೀಟರ್ ಖುಷಿಯಾಗಿ ಬೀಪ್ ಅಂತಾವೆ. ಆದ್ರೆ ಸೆಲ್ಫ್ ರಿಲೇ ಕಾಯಿಲ್‌ಗೆ ಬೇಕಾಗಿರೋದು ಮಿಲಿ ಆಂಪ್ಸ್ ಅಲ್ಲ. ನನ್ನ ರಿಲೇ ಕಾಯಿಲ್ ಅಳೆದ್ರೆ 3.8 ಓಮ್ ಇದೆ, ಅಂದ್ರೆ 12 ವೋಲ್ಟ್ ಕೊಟ್ರೆ ಮೂರು ಆಂಪ್ಸ್ ಹತ್ರ ಎಳೆಯುತ್ತೆ. ಆ ದಾರಿಯಲ್ಲಿ ಎಲ್ಲೋ ಬರೀ ಎರಡು ಓಮ್ ಅಡ್ಡಿ ಬಂದ್ರೂ ಕಾಯಿಲ್‌ಗೆ ಸಿಗೋದು ಎಂಟು ವೋಲ್ಟ್ ಅಷ್ಟೇ. ಎಂಟು ವೋಲ್ಟಲ್ಲಿ ರಿಲೇ ಒಮ್ಮೆ ಎಳೆಯುತ್ತೆ, ಒಮ್ಮೆ ಎಳೆಯಲ್ಲ. ನನ್ನ ಗಾಡಿ ನಾಲ್ಕು ತಿಂಗಳು ಮಾಡ್ತಿದ್ದದ್ದು ಇದೇ.

ವೋಲ್ಟೇಜ್ ನೋಡೋವಾಗ್ಲೂ ಇದೇ ಥರ ಮೋಸ ಹೋಗಬಹುದು. ಬಟನ್ ಒತ್ತದೇ ಕಿಲ್ ಸ್ವಿಚ್ ಆಚೆ ವೈರಿಗೆ ಪ್ರೋಬ್ ಇಟ್ರೆ 12.6 ತೋರಿಸುತ್ತೆ, ಕಾಂಟ್ಯಾಕ್ಟ್ ಎಷ್ಟೇ ಕೆಟ್ಟಿರಲಿ. ಕರೆಂಟು ಹರಿಯದೇ ಇದ್ದಾಗ ಅಡ್ಡಿ ಇದೆಯೋ ಇಲ್ವೋ ಗೊತ್ತಾಗೋದೇ ಇಲ್ಲ. ಪೈಪಲ್ಲಿ ಕಸ ಕಟ್ಕೊಂಡಿದ್ರೂ ನಲ್ಲಿ ಮುಚ್ಚಿದ್ದಾಗ ಪ್ರೆಷರ್ ಪೂರ್ತಿ ಇರುತ್ತೆ, ನಲ್ಲಿ ತಿರುಗಿಸಿದ ಮೇಲೇ ನೀರು ಸಣ್ಣಗೆ ಬರೋದು ಕಾಣೋದು.

ಹಾಗಾಗಿ ಸರಿಯಾದ ಅಳತೆ ಇದು, ಇದೊಂದು ನೆನಪಿಟ್ಕೊಳ್ಳಿ ಸಾಕು. ನಾಬ್ ಡಿಸಿ 20 ವೋಲ್ಟಿಗೆ ಇಡಿ. ಎಲ್ಲಾ ಕಪ್ಲರ್ ವಾಪಸ್ ಹಾಕಿ, ಬ್ಯಾಟರಿ ಜೋಡಿಸಿ, ಕೀ ಆನ್, ಕಿಲ್ ಸ್ವಿಚ್ ರನ್, ಗಾಡಿ ನ್ಯೂಟ್ರಲ್. ಕೆಂಪು ಪ್ರೋಬ್ ಸ್ವಿಚ್‌ಗೆ ಒಳಗೆ ಬರೋ ವೈರಿಗೆ, ಕಪ್ಪು ಪ್ರೋಬ್ ಅದೇ ಸ್ವಿಚ್‌ನಿಂದ ಹೊರಗೆ ಹೋಗೋ ವೈರಿಗೆ. ಹೌದು, ಎರಡೂ ಪಾಸಿಟಿವ್ ಕಡೆಗೇ, ಕಪ್ಪನ್ನ ಗಾಡಿಯ ಬಾಡಿ ಮೇಲೆ ಇಡಬಾರದು. ಆಮೇಲೆ ಸೆಲ್ಫ್ ಬಟನ್ ಒತ್ತಿ ಹಿಡ್ಕೊಂಡು ಡಿಸ್‌ಪ್ಲೇ ನೋಡಿ. ಆ ಸ್ವಿಚ್ ನುಂಗ್ತಾ ಇರೋ ವೋಲ್ಟೇಜ್ ಎಷ್ಟು ಅಂತ ನೇರವಾಗಿ ಬರುತ್ತೆ. ಒಳ್ಳೇ ಸ್ವಿಚ್ ಆದ್ರೆ 0.1, ಹೆಚ್ಚೆಂದ್ರೆ 0.2. ಮೋಟರ್ ತಿರುಗಿ ಗಾಡಿ ಸ್ಟಾರ್ಟ್ ಆಗೋದು ಬೇಡ ಅಂದ್ರೆ ರಿಲೇಯಿಂದ ಮೋಟರಿಗೆ ಹೋಗೋ ದಪ್ಪ ಕೇಬಲ್ ಬಿಚ್ಚಿ ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಇಡಿ, ಬಿಚ್ಚೋವಾಗ ಬ್ಯಾಟರಿ ನೆಗೆಟಿವ್ ಮೊದಲು ತೆಗೀರಿ, ಇಲ್ಲಾಂದ್ರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತೆ. ಆಮೇಲೆ ಆರಾಮಾಗಿ ಎಷ್ಟು ಸಲ ಬೇಕಾದ್ರೂ ಒತ್ತಿ ಅಳೀಬಹುದು, ರಿಲೇ ಮಾತ್ರ ಟಕ್ ಟಕ್ ಅಂತಿರುತ್ತೆ.

ನನ್ನ ಗಾಡಿಯಲ್ಲಿ ಕರೆಂಟಿನ ದಾರಿ ಹೀಗಿದೆ: ಬ್ಯಾಟರಿ, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್, ಕಿಲ್ ಸ್ವಿಚ್, ಸೆಲ್ಫ್ ಬಟನ್, ರಿಲೇ ಕಾಯಿಲ್, ಆಮೇಲೆ ಕ್ಲಚ್ ಸ್ವಿಚ್ ಅಥವಾ ನ್ಯೂಟ್ರಲ್ ಸ್ವಿಚ್ ಮೂಲಕ ಅರ್ಥ್. ನಿಮ್ಮದರಲ್ಲಿ ಕ್ಲಚ್ ಸ್ವಿಚ್ ಬಟನ್‌ಗಿಂತ ಮುಂಚೆ ಇರಬಹುದು, ಸರ್ವಿಸ್ ಮ್ಯಾನ್ಯುಯಲ್‌ನ ವೈರಿಂಗ್ ಡಯಾಗ್ರಂ ಒಂದ್ಸಲ ನೋಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಂದೊಂದಾಗಿ ಅಳೀತಾ ಹೋದೆ. ಬಟನ್ ಒತ್ತಿದಾಗ ಬ್ಯಾಟರಿ ಮೇಲೆ 12.5. ಇಗ್ನಿಷನ್ ಸ್ವಿಚ್ 0.1. ಸೆಲ್ಫ್ ಬಟನ್ 0.3, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ಕಿಲ್ ಸ್ವಿಚ್‌ಗೆ ಪ್ರೋಬ್ ಇಟ್ಟು ಬಟನ್ ಒತ್ತಿದ್ರೆ 4.1.

ಒತ್ತಿ ಬಿಟ್ಟು ಮತ್ತೆ ಒತ್ತಿದ್ರೆ 3.6, ಇನ್ನೊಮ್ಮೆ 4.4. ಕಿಲ್ ಸ್ವಿಚ್‌ನ ನಾಲ್ಕೈದು ಸಲ ಆನ್ ಆಫ್ ಮಾಡಿ ಒತ್ತಿದ್ರೆ 0.9, ಟಕ್ ಅಂತ ರಿಲೇ ಎಳೀತು. ಆವಾಗ ಒಂದೊಂದೇ ನೆನಪಾಯ್ತು ನೋಡಿ. ತಳ್ಳಿ ಸ್ಟಾರ್ಟ್ ಮಾಡಿದಾಗ ಗಾಡಿ ಸ್ಪೀಡಲ್ಲಿ ಒಮ್ಮೊಮ್ಮೆ ಮಿಸ್ಸಿಂಗ್ ಹೊಡೀತಿತ್ತು, ನಾನು ಕಾರ್ಬುರೇಟರ್ ಕಸ ಅಂದ್ಕೊಂಡಿದ್ದೆ. ನನ್ನ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್‌ಗೆ ಹೋಗೋ ಕರೆಂಟೂ ಅದೇ ಕಿಲ್ ಸ್ವಿಚ್ ಮೂಲಕವೇ ಹೋಗೋದು. ಎರಡು ರೋಗ ಅಂದ್ಕೊಂಡಿದ್ದು ಒಂದೇ ರೋಗ.

ಸ್ವಿಚ್ ಬಾಕ್ಸ್ ಬಿಚ್ಚಿದ್ದು ಹೇಳ್ಬೇಕು. ಹ್ಯಾಂಡಲ್ ಬಾರ್ ಕೆಳಗಿನಿಂದ ಎರಡು ಸ್ಕ್ರೂ, ಅಷ್ಟೇ, ಆದ್ರೆ ಎರಡು ಹೋಳು ಬಿಡಿಸೋವಾಗ ಕೆಳಗೆ ಒಂದು ಬಿಳಿ ಬಟ್ಟೆ ಹಾಸ್ಕೊಳ್ಳಿ, ಒಳಗೆ ಅಕ್ಕಿಕಾಳಿನಷ್ಟು ಸಣ್ಣ ಸ್ಪ್ರಿಂಗ್ ಒಂದು ಇರುತ್ತೆ, ಅದು ಹಾರಿ ಹೋದ್ರೆ ಇಡೀ ಸ್ವಿಚ್ ಹೊಸದು ತರಬೇಕಾಗುತ್ತೆ. ಒಳಗೆ ಎರಡು ಹಿತ್ತಾಳೆ ಪಟ್ಟಿ, ಅವುಗಳ ಮೇಲೆ ಜಾರೋ ಒಂದು ತಾಮ್ರದ ತುಂಡು. ಪಟ್ಟಿಗಳ ಅಂಚಲ್ಲಿ ಹಸಿರು ಕಿಲುಬು, ಹಳೇ ತಾಮ್ರದ ಚೊಂಬಿನ ಮೇಲೆ ಹಿಡಿಯುತ್ತಲ್ಲ ಅಂಥದ್ದು. ತಾಮ್ರದ ತುಂಡು ರನ್ ಪೊಸಿಷನ್‌ನಲ್ಲಿ ಕೂರೋ ಜಾಗದಲ್ಲಿ ಸಾಸಿವೆಯಷ್ಟು ದೊಡ್ಡ ಕಪ್ಪು ಚುಕ್ಕೆ, ಉಗುರಲ್ಲಿ ಕೆರೆದ್ರೆ ಗುಳಿ ಬಿದ್ದಿರೋದು ಗೊತ್ತಾಗ್ತಿತ್ತು. ನೀರು ಹೋಗಿ ಕಿಲುಬು ಹಿಡಿದಿದೆ, ಕಿಲುಬಿನಿಂದ ಅಡ್ಡಿ ಜಾಸ್ತಿ ಆಗಿದೆ, ಅಡ್ಡಿಯಿಂದ ಅಲ್ಲೇ ಬಿಸಿಯಾಗಿ ಸುಟ್ಟಿದೆ, ಸುಟ್ಟ ಮೇಲೆ ಅಡ್ಡಿ ಇನ್ನೂ ಜಾಸ್ತಿ. ಜೋರು ಪ್ರೆಷರ್ ನೀರಲ್ಲಿ ಹ್ಯಾಂಡಲ್ ಮೇಲೇ ಹೊಡೆಸಿ ತೊಳೆಸ್ತಿದ್ದೆ, ಅದೇ ಕಾರಣ ಅಂತ ನನ್ನ ನಂಬಿಕೆ, ಈಗ ಹ್ಯಾಂಡಲ್ ಭಾಗ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸೋದು.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ನೈಸ್ ಎಮರಿ ಪೇಪರಲ್ಲಿ ಹಗುರವಾಗಿ ಉಜ್ಜಿ, ಹಿತ್ತಾಳೆ ಹೊಳೆಯೋವರೆಗೆ ಒರೆಸಿ, ಜಾರೋ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಚೂರೇ ಚೂರು ಸವರಿ ಜೋಡಿಸ್ದೆ. ಒರಟು ಪೇಪರ್ ಹಾಕ್ಬೇಡಿ, ಕಾಂಟ್ಯಾಕ್ಟ್ ಮೇಲಿರೋ ತೆಳು ಲೇಪನ ಹೋಗಿ ಮತ್ತೆ ಬೇಗ ಕಿಲುಬು ಹಿಡಿಯುತ್ತೆ. ಜೋಡಿಸಿ ಅಳೆದ್ರೆ 0.06. ಬಟನ್ ಒತ್ತಿದ್ರೆ ಟಕ್, ಬಿಟ್ಟು ಒತ್ತಿದ್ರೆ ಟಕ್, ಮೂವತ್ತು ಸಲ ಒತ್ತಿದೆ, ಮೂವತ್ತು ಸಲಾನೂ ಟಕ್. ಆ ಸೌಂಡು ಕೇಳಿ ಆದ ಸಮಾಧಾನ ಹೇಳೋಕಾಗಲ್ಲ. ಗುಳಿ ಬಿದ್ದಿದ್ದ ಕಾರಣ ಆರು ತಿಂಗಳಾದ ಮೇಲೆ ಆ ಸ್ವಿಚ್ ಪೂರ್ತಿ ಬದಲಾಯಿಸ್ದೆ, ಅಷ್ಟೊತ್ತಿಗೆ ಮತ್ತೆ 0.5ಕ್ಕೆ ಏರಿತ್ತು, ಪ್ರಾಬ್ಲಂ ಕೊಡೋ ಮುಂಚೆಯೇ ಗೊತ್ತಾಯ್ತು.

ಈಗ ಮೀಟರ್ ಬಗ್ಗೆ, ಒಳ್ಳೇದು ಕೆಟ್ಟದ್ದು ಎರಡೂ.

ವೋಲ್ಟೇಜ್ ರೀಡಿಂಗ್ ನಂಬಬಹುದು. ಗೆಳೆಯನ ಹತ್ರ ಇರೋ ದುಬಾರಿ ಮೀಟರ್ ಜೊತೆ ಒಂದೇ ಬ್ಯಾಟರಿ ಮೇಲೆ ಇಟ್ಟು ನೋಡಿದ್ವಿ, 0.03 ವೋಲ್ಟ್ ವ್ಯತ್ಯಾಸ, ಬೈಕ್ ಕೆಲಸಕ್ಕೆ ಅದು ಲೆಕ್ಕವೇ ಅಲ್ಲ. 20 ವೋಲ್ಟ್ ರೇಂಜಲ್ಲಿ ಎರಡು ದಶಾಂಶ ತೋರಿಸುತ್ತೆ, ಸ್ವಿಚ್ ಚೆಕ್ ಮಾಡೋಕೆ ಅದಕ್ಕಿಂತ ಬೇಕಿಲ್ಲ. ಓಮ್ ಅಳೆಯೋವಾಗ ಮಾತ್ರ ಒಂದು ಅಭ್ಯಾಸ ಮಾಡ್ಕೊಳ್ಳಿ, 200 ಓಮ್ ರೇಂಜಿಗೆ ಇಟ್ಟು ಮೊದಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಎಷ್ಟು ಬರುತ್ತೆ ನೋಡಿ, ನನ್ನದರಲ್ಲಿ 0.3 ಬರುತ್ತೆ, ಅದು ಮೀಟರಿನ ವೈರಿನದ್ದೇ, ಪ್ರತೀ ಸಲ ಅದನ್ನ ಕಳೀಬೇಕು. ರಿಲೇ ಕಾಯಿಲ್ 4.1 ತೋರಿಸಿದ್ದನ್ನ ನಾನು 3.8 ಅಂತ ತಗೊಂಡಿದ್ದು ಹೀಗೇ.

ಪ್ರೋಬ್ ತುದಿ ದಪ್ಪ. ಇದು ನಿಜವಾದ ಕೊರತೆ. ಕಪ್ಲರ್ ಹಿಂದಿನಿಂದ ವೈರ್ ಪಕ್ಕದ ಸಂದಿಯಲ್ಲಿ ತೂರಿಸೋಕೆ ಆಗಲ್ಲ, ಬಲವಂತ ಮಾಡಿದ್ರೆ ಒಳಗಿನ ಪಿನ್ ಅಗಲ ಆಗಿ ಹೊಸ ಲೂಸ್ ಕಾಂಟ್ಯಾಕ್ಟ್ ಹುಟ್ಕೊಳ್ಳುತ್ತೆ. ನಾನು ಒಂದು ಹೊಲಿಗೆ ಸೂಜಿ ತೂರಿಸಿ ಅದಕ್ಕೆ ಕ್ಲಿಪ್ ಹಾಕ್ತೀನಿ. ಕ್ಲಿಪ್ ಜೊತೆಗೆ ಬರಲ್ಲ, ಬೇರೆ ತಗೋಬೇಕು, ಮತ್ತೆ ತಗೊಳ್ಳಲೇಬೇಕು, ಯಾಕಂದ್ರೆ ಎರಡು ಕೈಯಲ್ಲಿ ಎರಡು ಪ್ರೋಬ್ ಹಿಡ್ಕೊಂಡ್ರೆ ಸೆಲ್ಫ್ ಬಟನ್ ಒತ್ತೋರು ಯಾರು. ವೈರಿನ ಇನ್ಸುಲೇಷನ್ ಚುಚ್ಚಿ ಅಳೆಯೋದು ಬೇಡ, ಆ ತೂತಲ್ಲಿ ನೀರು ಹೋಗಿ ಒಳಗಿನ ತಾಮ್ರ ಕಿಲುಬು ಹಿಡಿಯಬಹುದು.

ಡಿಸ್‌ಪ್ಲೇ ನಿಧಾನ. ಸೆಕೆಂಡಿಗೆ ಎರಡು ಮೂರು ಸಲ ಅಷ್ಟೇ ಬದಲಾಗೋದು, ಬೀಪ್ ಕೂಡ ಅರೆಗಳಿಗೆ ತಡ. ಸ್ವಿಚ್ ಮುಟ್ಟಿ ಅಳೆಯೋಕೆ ಇದು ತೊಂದರೆ ಇಲ್ಲ, ಆದ್ರೆ ಹ್ಯಾಂಡಲ್ ತಿರುಗಿಸಿದಾಗ ಕ್ಷಣಮಾತ್ರ ಕಟ್ ಆಗಿ ಮತ್ತೆ ಸೇರೋ ವೈರ್ ಇದ್ರೆ ಈ ಮೀಟರ್ ಕಣ್ಣಿಗೆ ಅದು ಬೀಳಲ್ಲ. ಇಗ್ನಿಷನ್ ಸ್ವಿಚ್‌ನಿಂದ ಕೆಳಗಿಳಿಯೋ ವೈರ್ ಕಟ್ಟು ಹ್ಯಾಂಡಲ್ ಜೊತೆ ದಿನಕ್ಕೆ ಎಷ್ಟೋ ಸಲ ಮಡಚಿ ಬಿಚ್ಚಿ ಆಗುತ್ತಲ್ಲ, ಹೊರಗೆ ಪ್ಲಾಸ್ಟಿಕ್ ಚೆನ್ನಾಗೇ ಇರುತ್ತೆ, ಒಳಗೆ ತಾಮ್ರದ ಎಳೆಗಳು ಒಂದೊಂದೇ ಮುರಿದಿರುತ್ತೆ. ಇಂಥದ್ದಕ್ಕೆ ಟೆಸ್ಟ್ ಬಲ್ಬೇ ಸರಿ. ಹಳೇ ಇಂಡಿಕೇಟರ್ ಹೋಲ್ಡರ್‌ಗೆ 12 ವೋಲ್ಟ್ 21 ವ್ಯಾಟ್ ಬಲ್ಬ್ ಹಾಕಿ ಎರಡು ವೈರ್ ಕಟ್ಟಿದ್ರೆ ಆಯ್ತು, ಅದು ಒಂದೂ ಮುಕ್ಕಾಲು ಆಂಪ್ಸ್ ಹತ್ರ ಎಳೆಯುತ್ತೆ, ಅಂದ್ರೆ ನಿಜವಾದ ಲೋಡ್. ಸ್ವಿಚ್‌ನಿಂದ ಹೊರಗೆ ಬರೋ ವೈರಿಗೆ ಒಂದು ತುದಿ, ಬಾಡಿ ಅರ್ಥ್‌ಗೆ ಇನ್ನೊಂದು ತುದಿ ಕೊಟ್ಟು ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ, ಬಲ್ಬ್ ಮಿಟುಕಿದ್ರೆ ಅಥವಾ ಮಂಕಾದ್ರೆ ಅಲ್ಲೇ ಕಳ್ಳ. ಆದ್ರೆ ಒಂದು ಎಚ್ಚರಿಕೆ, ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಇಸಿಯುಗೆ (ಎಂಜಿನ್ ನಡೆಸೋ ಸಣ್ಣ ಕಂಪ್ಯೂಟರ್) ಹೋಗೋ ಸಣ್ಣ ಸಿಗ್ನಲ್ ವೈರಿಗೆ ಈ ಬಲ್ಬ್ ಖಂಡಿತ ಹಚ್ಚಬೇಡಿ, ಅಷ್ಟು ಕರೆಂಟ್ ಎಳೆದ್ರೆ ಇಸಿಯು ಹಾಳಾಗಬಹುದು. ಅಲ್ಲಿ ಮೀಟರೇ ಬೇಕು.

ಇನ್ನೊಂದು ಎಚ್ಚರಿಕೆ ಮೀಟರಿನ ಮೂರನೇ ತೂತಿನ ಬಗ್ಗೆ. 10 ಆಂಪ್ಸ್ ಅಂತ ಬರೆದಿರುತ್ತೆ, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಅನ್‌ಫ್ಯೂಸ್ಡ್ ಅಂತಲೂ ಇದೆ. ಕೆಂಪು ಪ್ರೋಬ್ ಆ ತೂತಲ್ಲಿ ಇಟ್ಕೊಂಡು ಬ್ಯಾಟರಿ ವೋಲ್ಟೇಜ್ ಅಳೆಯೋಕೆ ಹೋದ್ರೆ ಅದು ಅಳತೆ ಅಲ್ಲ, ನೇರ ಶಾರ್ಟ್. ಗೆಳೆಯನೊಬ್ಬ ನನ್ನಿಂದ ಮೀಟರ್ ಇಸ್ಕೊಂಡು ಹೋಗಿ ಹೀಗೇ ಮಾಡ್ದ, ಪ್ರೋಬ್ ತುದಿ ಕರಗಿ ಬ್ಯಾಟರಿ ಟರ್ಮಿನಲ್ ಮೇಲೆ ಅಂಟಿತ್ತು, ಪುಣ್ಯಕ್ಕೆ ಕೈಗೆ ಏನೂ ಆಗಲಿಲ್ಲ. ಸ್ವಿಚ್ ಕೆಲಸಕ್ಕೆ ಆ ತೂತು ಬೇಕಾಗೇ ಇಲ್ಲ, ನಾನು ಅದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಬಿಟ್ಟಿದೀನಿ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಾಗ ವೋಲ್ಟೇಜ್ ರೀಡಿಂಗ್ ನಿಜಕ್ಕಿಂತ ಜಾಸ್ತಿ ತೋರಿಸೋಕೆ ಶುರು ಮಾಡುತ್ತೆ, ಬೈಕ್ ಬ್ಯಾಟರಿ ಇದ್ದಕ್ಕಿದ್ದಂತೆ ನಿಂತಲ್ಲೇ 14 ಅಂತ ತೋರಿಸಿದ್ರೆ ಮೊದಲು ಮೀಟರಿನ ಬ್ಯಾಟರಿ ಬದಲಾಯಿಸಿ. ಆಟೋ ಆಫ್ ಇಲ್ಲ, ಬಳಸಿ ಆದ ಮೇಲೆ ನಾಬ್ ಆಫ್‌ಗೆ ತರೋದು ಮರೆತ್ರೆ ಒಂದು ವಾರದಲ್ಲಿ ಖಾಲಿ.

ಆಮೇಲೆ ಬೇರೆ ಬೇರೆ ಗಾಡಿಗಳಲ್ಲೂ ಬಳಸಿದೀನಿ. ತಂಗಿ ಗಂಡನ ಬೈಕಲ್ಲಿ ನ್ಯೂಟ್ರಲಲ್ಲಿ ಇದ್ರೆ ಸೆಲ್ಫ್ ತಗೊಳುತ್ತೆ, ಗೇರಲ್ಲಿ ಇದ್ದು ಕ್ಲಚ್ ಹಿಡಿದ್ರೆ ತಗೊಳಲ್ಲ. ಭಾವ, ಇದು ಕ್ಲಚ್ ಸ್ವಿಚ್ಚೇ ಅಂತ ಫೋನಲ್ಲೇ ಹೇಳ್ದೆ, ಯಾಕಂದ್ರೆ ನ್ಯೂಟ್ರಲ್ ದಾರಿ ಸರಿ ಇದೆ, ಕ್ಲಚ್ ದಾರಿ ಮಾತ್ರ ಕಟ್ ಆಗಿದೆ. ಇದರ ಉಲ್ಟಾ ಆದ್ರೆ, ಅಂದ್ರೆ ಕ್ಲಚ್ ಹಿಡಿದ್ರೆ ಮಾತ್ರ ಸ್ಟಾರ್ಟ್ ಆಗಿ ಬರೀ ನ್ಯೂಟ್ರಲಲ್ಲಿ ಆಗದೇ ಇದ್ರೆ ನ್ಯೂಟ್ರಲ್ ಸ್ವಿಚ್ ನೋಡಿ. ಕೆಲವು ಗಾಡಿಗಳಲ್ಲಿ ಯಾವಾಗ್ಲೂ ಕ್ಲಚ್ ಹಿಡೀಲೇಬೇಕು ಅನ್ನೋ ಥರಾನೇ ಮಾಡಿರ್ತಾರೆ, ಅದು ಪ್ರಾಬ್ಲಂ ಅಲ್ಲ. ಹೋಗಿ ನೋಡಿದ್ರೆ ಕ್ಲಚ್ ಲಿವರ್ ಬುಡದಲ್ಲಿರೋ ಸ್ವಿಚ್‌ನ ಸಣ್ಣ ಪಿನ್ ಧೂಳು ಗ್ರೀಸು ಸೇರಿ ಒಳಗೇ ಸಿಕ್ಕಿ ಹಾಕ್ಕೊಂಡಿತ್ತು, ಲಿವರ್ ಬಿಟ್ರೂ ಹಿಡಿದ್ರೂ ಮೀಟರ್ ಒಂದೇ ಥರ, ಎಡಗಡೆ ಬರೀ ಒಂದು. ಆ ಒಂದು ಅಂದ್ರೆ ದಾರಿ ಕಟ್ ಅಂತ ಅರ್ಥ, ಒಂದು ಓಮ್ ಅಂತಲ್ಲ, ಮೊದಲ ಸಲ ನೋಡೋರಿಗೆ ಇದು ಗೊಂದಲ ಆಗುತ್ತೆ. ಕ್ಲೀನ್ ಮಾಡಿದ ಮೇಲೆ ಸರಿ ಹೋಯ್ತು.

ಆಫೀಸಿನ ಗೆಳೆಯನದ್ದು ಬೇರೆ ಥರ, ನ್ಯೂಟ್ರಲಲ್ಲಿ ಸ್ಟಾರ್ಟ್ ಆಗುತ್ತೆ, ಗೇರ್ ಹಾಕಿದ ತಕ್ಷಣ ಆಫ್. ಸೈಡ್ ಸ್ಟ್ಯಾಂಡ್ ಮೇಲೆತ್ತಿದ್ರೂ ಆಫ್. ಸ್ಟ್ಯಾಂಡ್ ಇಳಿದಿದ್ದಾಗ ಗೇರ್ ಹಾಕಿದ್ರೆ ಎಂಜಿನ್ ಆಫ್ ಆಗೋದು ಸೇಫ್ಟಿಗೆ ಮಾಡಿರೋದು, ಎತ್ತಿದ ಮೇಲೂ ಆದ್ರೆ ಸೈಡ್ ಸ್ಟ್ಯಾಂಡ್ ಸ್ವಿಚ್ ಮೇಲೇ ಮೊದಲ ಅನುಮಾನ. ಆ ಸ್ವಿಚ್ ಇರೋ ಜಾಗ ನೋಡಿ, ರಸ್ತೆಯ ಕೆಸರು, ಚೈನಿನ ಎಣ್ಣೆ ಎಲ್ಲಾ ಅದರ ಮೇಲೇ. ಸ್ಟ್ಯಾಂಡ್ ಎತ್ತಿ ಅಳೆದ್ರೆ ನಂಬರ್ ಒಂದು ಕಡೆ ನಿಲ್ತಾನೇ ಇರಲಿಲ್ಲ, ಐದು, ಮೂವತ್ತು, ಹನ್ನೆರಡು, ಬೀಪ್ ತುಂಡು ತುಂಡಾಗಿ ಬರ್ತಿತ್ತು. ತೊಳೆದು ಕ್ಲೀನರ್ ಹೊಡೆದ್ವಿ, ಒಂದು ತಿಂಗಳು ನಡೀತು, ಮತ್ತೆ ಹೋಯ್ತು. ಅದು ಬಿಚ್ಚೋಕಾಗದ ಸೀಲ್ಡ್ ಸ್ವಿಚ್, ಹೊಸದೇ ಹಾಕಿಸ್ದ. ಕೆಲವು ಹೊಸ ಗಾಡಿಗಳಲ್ಲಿ ಅಲ್ಲಿ ಮ್ಯಾಗ್ನೆಟ್ ಸೆನ್ಸರ್ ಇರುತ್ತೆ, ಅದಕ್ಕೆ ಬೀಪ್ ಟೆಸ್ಟ್ ನಡೆಯಲ್ಲ, ಮ್ಯಾನ್ಯುಯಲಲ್ಲಿ ಹೇಳಿರೋ ವೋಲ್ಟೇಜೇ ನೋಡ್ಬೇಕು.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ. ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್ ಕೆಟ್ಟಾಗ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಆಯ್ತು ಹೋಗಿ ಅನ್ನೋರು ಇದಾರೆ. ಚೆಕ್ ಮಾಡೋಕೆ ಒಂದು ನಿಮಿಷ ಸೇರಿಸಿ ನೋಡಿ, ತಪ್ಪಲ್ಲ, ರಾತ್ರಿ ದಾರಿ ಮಧ್ಯೆ ಸಿಕ್ಕಿಹಾಕ್ಕೊಂಡ್ರೆ ಮನೆ ಸೇರೋಕೂ ಮಾಡಿ. ಆದ್ರೆ ಹಾಗೇ ಬಿಡಬೇಡಿ. ಕ್ಲಚ್ ಸ್ವಿಚ್ ಸೇರಿಸಿಟ್ಟ ಗಾಡಿ ಗೇರಲ್ಲಿ ಇದ್ದಾಗ ಯಾರೋ ಮಗು ಬಟನ್ ಒತ್ತಿದ್ರೆ ಗಾಡಿ ಮುಂದಕ್ಕೆ ನೆಗೆಯುತ್ತೆ. ಸ್ಟ್ಯಾಂಡ್ ಇಳಿಸಿಕೊಂಡೇ ಹೊರಟವರು ಎಡಕ್ಕೆ ತಿರುಗೋವಾಗ ಸ್ಟ್ಯಾಂಡ್ ನೆಲಕ್ಕೆ ತಾಗಿ ಬೀಳ್ತಾರೆ, ಅದನ್ನ ತಡೆಯೋಕೇ ಆ ಸ್ವಿಚ್ ಇರೋದು.

ಇಂಜೆಕ್ಷನ್ ಗಾಡಿ ಇರೋರಿಗೆ ಕಿವಿಯಲ್ಲೇ ಇನ್ನೊಂದು ಟೆಸ್ಟ್ ಇದೆ, ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗಿಂದ ಒಂದೆರಡು ಸೆಕೆಂಡ್ ಸುಯ್ ಅಂತ ಪಂಪ್ ಸೌಂಡ್ ಬರುತ್ತಲ್ಲ, ತುಂಬಾ ಗಾಡಿಗಳಲ್ಲಿ ಕಿಲ್ ಸ್ವಿಚ್ ಆಫ್ ಇದ್ರೆ ಅದು ಬರಲ್ಲ. ಕಿಲ್ ಸ್ವಿಚ್ ರನ್‌ಗೆ ಹಾಕಿದ್ರೂ ಪಂಪ್ ಸುಮ್ಮನಿದ್ದು ಸೆಲ್ಫೂ ಸುಮ್ಮನಿದ್ರೆ ಎರಡಕ್ಕೂ ಮುಂಚೆ ಬರೋ ಕಿಲ್ ಸ್ವಿಚ್, ಇಗ್ನಿಷನ್ ಸ್ವಿಚ್, ಫ್ಯೂಸ್ ಕಡೆಯಿಂದ ಶುರು ಮಾಡಿ.

ಯಾರು ತಗೋಬೇಕು ಅಂದ್ರೆ, ಗಾಡಿ ಸ್ವಂತ ಕೈಯಲ್ಲಿ ನೋಡ್ಕೊಳ್ಳೋ ಆಸೆ ಇರೋರು, ಮತ್ತೆ ಒಂದೇ ಪ್ರಾಬ್ಲಂಗೆ ಎರಡನೇ ಸಲ ಪಾರ್ಟ್ ಬದಲಾಯಿಸೋ ಮಾತು ಬಂದಿರೋರು. ಮೆಕ್ಯಾನಿಕ್ ಹತ್ರ ಹೋಗೋದಾದ್ರೂ ಕಿಲ್ ಸ್ವಿಚ್ ನಾಲ್ಕು ವೋಲ್ಟ್ ನುಂಗ್ತಿದೆ ಅಂತ ಹೇಳಿ ಗಾಡಿ ಕೊಟ್ರೆ ಅವರಿಗೂ ಸುಲಭ. ದಿನಾ ಇದೇ ಕೆಲಸ ಮಾಡೋರಿಗೆ ಈ ಮೀಟರ್ ಸಾಲಲ್ಲ, ಬೇಗ ಓದೋ, ಫ್ಯೂಸ್ ಇರೋ, ಕತ್ತಲಲ್ಲಿ ಕಾಣೋ ಲೈಟಿರೋ ಮೀಟರ್ ಬೇಕು ಅವರಿಗೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು, ಒಂದು ಕಳೆದಿದ್ದು ಪ್ರೋಬ್ ತುದಿಗೆ ಮತ್ತೆ ಫ್ಯೂಸ್ ಇಲ್ಲದ ಆ ತೂತಿಗೆ. ಪ್ರೋಬ್ ವೈರ್ ಈಗ ಬೇರೆ ಹಾಕಿದೀನಿ, ತೆಳು ತುದಿಯದ್ದು, ಮೆತ್ತಗಿನ ವೈರು. ಮೀಟರು, ಎರಡು ಕ್ಲಿಪ್ಪು, ಸೂಜಿ, ಟೆಸ್ಟ್ ಬಲ್ಬು, ನಾಲ್ಕೂ ಒಂದು ಪೌಚಲ್ಲಿ ಸೀಟಿನ ಕೆಳಗೆ ರಿಲೇ ಪಕ್ಕದಲ್ಲೇ ಇರುತ್ತೆ.